ಗ್ರೂಪ್ ಫೋಟೋದಲ್ಲಿ ಇದ್ದವರು, ಕಡತದಲ್ಲಿ ಇಲ್ಲದವರು

ಚೆನ್ನೈನ ತಾಂಬರಂ ವಾಯುನೆಲೆಯಲ್ಲಿ ಹಾರಾಟ ಬೋಧಕರ ಶಾಲೆಯಿದೆ. 1948ರ ಏಪ್ರಿಲ್ 1ರಂದು ಅಂಬಾಲಾದಲ್ಲಿ ಶುರುವಾದ ಈ ಶಾಲೆ 1954ರಲ್ಲಿ ಇಲ್ಲಿಗೆ ಬಂತು. ಹಾರುವುದನ್ನು ಬೇರೆಯವರಿಗೆ ಕಲಿಸಬೇಕಾದ ಪೈಲಟ್‌ಗಳು ತಯಾರಾಗುವುದು ಇಲ್ಲಿಯೇ. ಸೇನೆಯ ಎಲ್ಲ ಶಾಲೆಗಳಲ್ಲಿರುವಂತೆ ಕೋರ್ಸ್ ಮುಗಿದಾಗ ಒಂದು ಗ್ರೂಪ್ ಫೋಟೋ ತೆಗೆಸುವುದು ರೂಢಿ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಹಿರಿಯ ಅಧಿಕಾರಿಗಳು ಕೂತಿರುತ್ತಾರೆ, ಹಿಂದೆ ಕಿರಿಯರು ನಿಂತಿರುತ್ತಾರೆ. ಕೆಳಗೆ ಎಡದಿಂದ ಬಲಕ್ಕೆ ಹುದ್ದೆ ಮತ್ತು ಹೆಸರು. ಸ್ಕ್ವಾಡ್ರನ್‌ಗಳಲ್ಲಿ, ಯುದ್ಧಕ್ಕೆ ಮೊದಲು ಮತ್ತು ಯುದ್ಧದ ನಡುವೆ, ಇಂಥವೇ ಫೋಟೋಗಳು ತೆಗೆಯಲ್ಪಟ್ಟಿವೆ. ಅಂಥದ್ದೊಂದನ್ನು ನೋಡಿದ ಯಾರಿಗಾದರೂ ಹುಟ್ಟುವ ಮೊದಲ ಪ್ರಶ್ನೆ, ಇವರೆಲ್ಲ ಮುಂದೆ ಏನಾದರು ಎಂಬುದು. ಅದಕ್ಕೆ ಉತ್ತರ ಫೋಟೋದಲ್ಲಿ ಇಲ್ಲ. ಉತ್ತರ ಇರುವುದು ಆಮೇಲೆ ಬರೆದಿಟ್ಟ ಕಾಗದದಲ್ಲಿ. ಆ ಕಾಗದ ಯಾರ ಬಳಿ ಉಳಿಯಿತು, ಅದನ್ನು ಯಾರಾದರೂ ಕೇಳಿ ಓದಿದರೇ ಎಂಬುದರ ಮೇಲೆ ಒಬ್ಬ ವೈಮಾನಿಕನಿಗೆ ಇತಿಹಾಸದಲ್ಲಿ ಸಿಗುವ ಜಾಗ ನಿಂತಿದೆ. ಅವನು ಆಕಾಶದಲ್ಲಿ ಏನು ಮಾಡಿದ ಎಂಬುದಕ್ಕಿಂತಲೂ ಹೆಚ್ಚಾಗಿ ನಿಂತಿದೆ. ಇದು ಕಠಿಣವಾದ ಮಾತು ಅನ್ನಿಸಬಹುದು. ಆದರೆ ಎರಡನೇ ಮಹಾಯುದ್ಧದ ಮದ್ರಾಸಿನಿಂದ ಹಿಡಿದು 1965ರಲ್ಲಿ ಕೊಡಗಿನ ಒಬ್ಬ ಪೈಲಟ್‌ಗೆ ಆದದ್ದರವರೆಗೆ ನೋಡಿದರೆ ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

ಮೊದಲು ಮದ್ರಾಸು. 1942ರ ಏಪ್ರಿಲ್ 5ರಂದು ಜಪಾನೀ ವಿಮಾನಗಳು ಕೊಲಂಬೊ ಮೇಲೆ ಬಾಂಬು ಹಾಕಿದವು. ಮರುದಿನ ವಿಶಾಖಪಟ್ಟಣ, ಕಾಕಿನಾಡ. ಒಂದೇ ವಾರದಲ್ಲಿ ಮದ್ರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಬಂಗಾಳ ಕೊಲ್ಲಿಯ ಮೇಲೆ ಕಣ್ಣಿಡಲು ದೂರ ಹಾರುವ ವಿಮಾನಗಳು ಬೇಕಾದವು. ಹಾಗಾಗಿ ನಗರಕ್ಕೆ ಕುಡಿಯುವ ನೀರು ಕೊಡುವ ರೆಡ್‌ಹಿಲ್ಸ್ ಕೆರೆ, ಅಂದರೆ ಪುಳಲ್ ಕೆರೆ, ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳ ನೆಲೆಯಾಯಿತು. ಬ್ರಿಟಿಷ್ ವಾಯುಪಡೆಯ 240ನೇ ಸ್ಕ್ವಾಡ್ರನ್ ಆಮೇಲಿನ ಯುದ್ಧಕಾಲದ ಬಹುಪಾಲು ಇಲ್ಲಿಂದಲೇ ಹಾರಿತು. ಗಂಟೆಗಟ್ಟಲೆ ಸಮುದ್ರದ ಮೇಲೆಯೇ ಹಾರುವ ಈ ಕೆಲಸದಲ್ಲಿ ಒಂದು ವಿಮಾನ ಮರಳದಿದ್ದರೆ, ಏನಾಯಿತೆಂದು ಹೇಳಲು ಸಾಕ್ಷಿಯೇ ಇರುತ್ತಿರಲಿಲ್ಲ. ಕೊನೆಯ ರೇಡಿಯೋ ಸಂದೇಶವಷ್ಟೆ ಉಳಿಯುತ್ತಿತ್ತು, ಕೆಲವೊಮ್ಮೆ ಅದೂ ಇಲ್ಲ.

ಆದರೂ ಆ ಯುದ್ಧದ ವೈಮಾನಿಕರನ್ನು ಹುಡುಕುವವರಿಗೆ ಒಂದು ದಾರಿ ಇದೆ. 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಮೂಲ ನಿಯಮ ಸರಳ: ಸತ್ತ ಪ್ರತಿಯೊಬ್ಬನ ಹೆಸರೂ ಸಮಾಧಿಯ ಕಲ್ಲಿನ ಮೇಲೋ ಸ್ಮಾರಕದ ಗೋಡೆಯ ಮೇಲೋ ಇರಬೇಕು, ಹುದ್ದೆಯ ಮೇಲುಕೀಳು ಇರಕೂಡದು. ಚೆನ್ನೈನ ನಂದಂಬಾಕ್ಕಂನಲ್ಲಿರುವ ಮದ್ರಾಸ್ ಯುದ್ಧ ಸಮಾಧಿ ಸ್ಥಳ ಆ ನಿಯಮದ ಫಲ. ದಕ್ಷಿಣ ಮತ್ತು ಪೂರ್ವ ಭಾರತದ ಊರೂರುಗಳ, ದಂಡುಪ್ರದೇಶಗಳ ಸ್ಮಶಾನಗಳಲ್ಲಿ ಚದುರಿಹೋಗಿದ್ದ ಎರಡನೇ ಮಹಾಯುದ್ಧದ ಸಮಾಧಿಗಳನ್ನು 1952ರಲ್ಲಿ ಇಲ್ಲಿಗೆ ತಂದರು. 850ಕ್ಕೂ ಹೆಚ್ಚು ಕಲ್ಲುಗಳು ಒಂದೇ ಎತ್ತರಕ್ಕೆ, ಒಂದೇ ಅಳತೆಗೆ ಹುಲ್ಲಿನ ಮೇಲೆ ಸಾಲಾಗಿ ನಿಂತಿವೆ. ಪ್ರತಿ ಕಲ್ಲಿನ ನೆತ್ತಿಯ ಮೇಲೆ ಪಡೆಯ ಲಾಂಛನ, ಅದರ ಕೆಳಗೆ ಸಂಖ್ಯೆ, ಹುದ್ದೆ, ಹೆಸರು, ಸತ್ತ ದಿನ. ಸಮುದ್ರದಲ್ಲಿ ಮುಳುಗಿ ದೇಹವೇ ಸಿಗದ ವೈಮಾನಿಕರ ಹೆಸರು ಮಾತ್ರ ಇಲ್ಲಿರುವುದಿಲ್ಲ. ಅವು ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿವೆ. ಅಲ್ಲಿ ಸಮಾಧಿ ಇಲ್ಲದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕೆತ್ತಲಾಗಿದೆ. ಅಂದರೆ ರೆಡ್‌ಹಿಲ್ಸ್‌ನಿಂದ ಎದ್ದು ಕೊಲ್ಲಿಯಲ್ಲಿ ಕಾಣೆಯಾದವನ ಗುರುತು ಸಾವಿರಾರು ಕಿಲೋಮೀಟರ್ ದೂರದಲ್ಲಿದೆ. ಹಾಗಿದ್ದರೂ ಗುರುತು ಇದೆ, ಅದನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಹಳೆಯ ಫೋಟೋದ ಹಿಂದೆ ಬರೆದ ಒಂದು ಹೆಸರು, ಒಂದು ಸ್ಕ್ವಾಡ್ರನ್ ಸಂಖ್ಯೆ ಸಿಕ್ಕರೆ ಆಯೋಗದ ನೋಂದಣಿ, ಸ್ಕ್ವಾಡ್ರನ್ನಿನ ದಿನಚರಿ ಪುಸ್ತಕ, ರಾಜಪತ್ರ ಈ ಮೂರನ್ನೂ ತಾಳೆ ನೋಡಿ ಮನುಷ್ಯನ ಕೊನೆಯನ್ನು ಬಹಳ ಮಟ್ಟಿಗೆ ಹೇಳಬಹುದು.

ಈ ವ್ಯವಸ್ಥೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ, ಆಫ್ರಿಕನ್ ಸೈನಿಕರ ವಿಷಯದಲ್ಲಿ ಆಯೋಗ ತನ್ನದೇ ನಿಯಮವನ್ನು ಮುರಿದಿತ್ತು. ಲಕ್ಷಕ್ಕೂ ಮಿಕ್ಕ ಜನ ಹೆಸರಿಲ್ಲದೆಯೇ ಉಳಿದರೆಂದು 2021ರ ಏಪ್ರಿಲ್‌ನಲ್ಲಿ ಬಂದ ಅದರ ವರದಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಆದರೆ ಕ್ಷಮೆ ಕೇಳಬೇಕಾಯಿತು ಎಂಬುದೇ ಒಂದು ಲೆಕ್ಕ ಇತ್ತು ಎಂಬುದಕ್ಕೆ ಪುರಾವೆ. ಇಂತಿಷ್ಟು ಜನರನ್ನು ಬಿಟ್ಟಿದ್ದೇವೆ ಎಂದು ಹೇಳಲು ಪಟ್ಟಿ ಬೇಕು. ಸ್ವತಂತ್ರ ಭಾರತದ ಯುದ್ಧಗಳಲ್ಲಿ ಕಾಣೆಯಾದ ವೈಮಾನಿಕರ ವಿಷಯಕ್ಕೆ ಬಂದಾಗ ಅಂಥ ಲೆಕ್ಕ, ಅಂಥ ಹುಡುಕಾಟ ಎಷ್ಟು ಸಡಿಲವಾಗಿತ್ತು ಎನ್ನುವುದನ್ನು ತೋರಿಸಲು ಅಜ್ಜಮಾಡ ದೇವಯ್ಯನವರ ಕಥೆಯೊಂದೇ ಸಾಕು.

ಅಜ್ಜಮಾಡ ಬೋಪಯ್ಯ ದೇವಯ್ಯ 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಹುಟ್ಟಿದವರು. 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧ ಶುರುವಾದಾಗ ಅವರು ಸ್ಕ್ವಾಡ್ರನ್ ಲೀಡರ್, ಹೊಸಬರಿಗೆ ಹಾರಾಟ ಕಲಿಸುವ ಬೋಧಕ. ಯುದ್ಧಕ್ಕೆಂದು ಅವರನ್ನು ಆದಂಪುರದಲ್ಲಿದ್ದ ನಂ. 1 ಸ್ಕ್ವಾಡ್ರನ್ನಿಗೆ, ‘ಟೈಗರ್ಸ್’ ಎಂದು ಕರೆಸಿಕೊಳ್ಳುವ ಪಡೆಗೆ, ಕಳಿಸಲಾಯಿತು. ಇದು ಭಾರತೀಯ ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್, 1933ರಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಕರಾಚಿಯಲ್ಲಿ ಹುಟ್ಟಿದ್ದು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಎರಗಿ ನೆಲದ ಮೇಲೆ ನಿಂತಿದ್ದ ವಿಮಾನಗಳನ್ನು ಸುಟ್ಟವು. ಮರುದಿನ ಬೆಳಗಾಗುವ ಹೊತ್ತಿಗೆ ಭಾರತ ಉತ್ತರ ಕೊಡಬೇಕಾಗಿತ್ತು. ಗುರಿ ಸರ್ಗೋಧಾ, ಪಾಕಿಸ್ತಾನದ ವಾಯುಪಡೆಯ ಅತಿ ದೊಡ್ಡ ನೆಲೆ, ಆದಂಪುರದಿಂದ ಸುಮಾರು 300 ಕಿ.ಮೀ. ವಿಂಗ್ ಕಮಾಂಡರ್ ಒ.ಪಿ. ತನೇಜಾ ಮುಂದಾಳತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಹೋಗುವುದೆಂದು ತೀರ್ಮಾನವಾಯಿತು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಎಂದು ಸಿದ್ಧವಾಗಿ ಇಟ್ಟಿದ್ದ ಹೆಚ್ಚುವರಿ ವಿಮಾನದಲ್ಲಿ ಅವರು ಕೂತಿದ್ದರು. ಒಂದು ವಿಮಾನ ಹಿಂದೆ ಸರಿಯಿತು, ಅದರ ಜಾಗಕ್ಕೆ ಅವರು ಹೋದರು.

ಮಿಸ್ಟೇರ್‌ಗೆ ಸರ್ಗೋಧಾ ದೂರದ ಗುರಿ. ಹೋಗಿ ಬರುವಷ್ಟು ಇಂಧನ ಹೊತ್ತರೆ ಅಲ್ಲಿ ನಿಂತು ಕಾದಾಡುವಷ್ಟು ಉಳಿಯುವುದಿಲ್ಲ. ಹಾಗಾಗಿ ಎಲ್ಲರಿಗೂ ಇದ್ದ ಸೂಚನೆ ದಾಳಿ ಮಾಡು, ತಗ್ಗಿನಲ್ಲೇ ಹಾರಿ ತಿರುಗಿ ಬಾ ಎಂಬುದು. ದಾಳಿ ಮುಗಿಸಿ ತಿರುಗಿದ ತಂಡದ ಬೆನ್ನಿಗೆ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಎಫ್-104 ಸ್ಟಾರ್‌ಫೈಟರ್ ಬಿತ್ತು. ಶಬ್ದದ ಎರಡರಷ್ಟು ವೇಗ, ಶಾಖವನ್ನು ಹಿಂಬಾಲಿಸುವ ಕ್ಷಿಪಣಿ, ಕ್ಷಣಕ್ಕೆ ನೂರಾರು ಗುಂಡು ಕಕ್ಕುವ ಫಿರಂಗಿ ಇದ್ದ ಆ ವಿಮಾನದ ಮುಂದೆ ಮಿಸ್ಟೇರ್‌ಗೆ ಇದ್ದದ್ದು ಎರಡು 30 ಮಿ.ಮೀ. ಫಿರಂಗಿ ಮತ್ತು ಬಿಗಿಯಾಗಿ ತಿರುಗುವ ಶಕ್ತಿ. ಅಮ್ಜದ್ ಬಿಟ್ಟ ಕ್ಷಿಪಣಿ ನೆಲಕ್ಕೆ ಹೋಯಿತು. ಆಮೇಲೆ ಫಿರಂಗಿಯ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದವು. ಇದರ ಕಥೆ ಮುಗಿಯಿತು ಎಂದುಕೊಂಡ ಅಮ್ಜದ್ ಮತ್ತೊಂದು ಮಿಸ್ಟೇರ್ ಕಡೆ ತಿರುಗಿದರು. ಪೆಟ್ಟು ತಿಂದ ವಿಮಾನ ಮಾತ್ರ ಬೀಳಲಿಲ್ಲ. ಅದು ತಿರುಗಿ ಸ್ಟಾರ್‌ಫೈಟರ್‌ನ ಬೆನ್ನು ಹತ್ತಿತು. ತಗ್ಗಿನಲ್ಲಿ, ತಿರುವುಗಳ ಕಾದಾಟಕ್ಕೆ ಇಳಿದ ಮೇಲೆ ಸ್ಟಾರ್‌ಫೈಟರ್‌ನ ವೇಗ ನಿಷ್ಪ್ರಯೋಜಕವಾಯಿತು. ದೇವಯ್ಯನವರ ಗುಂಡುಗಳು ತಗುಲಿ ಹಿಡಿತ ತಪ್ಪಿದಾಗ ಅಮ್ಜದ್ ಪ್ಯಾರಾಚೂಟ್ ಕಟ್ಟಿಕೊಂಡು ಹೊರಜಿಗಿದು ಬದುಕಿಕೊಂಡರು. ದೇವಯ್ಯನವರ ವಿಮಾನವೂ ನೆಲಕ್ಕೆ ಬಿತ್ತು. ಅವರ ದೇಹವನ್ನು ಅಲ್ಲಿಯ ಹಳ್ಳಿಯವರು ಹೊಲದಲ್ಲಿ ಮಣ್ಣು ಮಾಡಿದರು.

ಇಂಧನ ಮುಗಿಯುತ್ತಿದ್ದ ಉಳಿದ ಪೈಲಟ್‌ಗಳು ಹಿಂದಿರುಗಿ ನೋಡುವ ಸ್ಥಿತಿಯಲ್ಲಿ ಇರಲಿಲ್ಲ, ಈ ಕಾದಾಟವನ್ನು ಅವರಾರೂ ಕಾಣಲಿಲ್ಲ. ಆದಂಪುರದಲ್ಲಿ ವಿಮಾನಗಳನ್ನು ಎಣಿಸಿದಾಗ ಒಂದು ಕಡಿಮೆ ಬಂತು. ಪುಸ್ತಕದಲ್ಲಿ ‘ನಾಪತ್ತೆ’ ಎಂದು ಬರೆದರು. ಅಲ್ಲಿಗೆ ಭಾರತದ ಕಡೆಯ ದಾಖಲೆ ನಿಂತಿತು. ಅದೇ ತಿಂಗಳು ಕೊಡಗಿನ ಇನ್ನೊಬ್ಬ ಪೈಲಟ್‌ಗೆ ಆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯುದ್ಧದ ಕೊನೆಯ ದಿನಗಳಲ್ಲಿ, ಸೆಪ್ಟೆಂಬರ್ 22ರಂದು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ಪಾಕಿಸ್ತಾನದ ನೆಲದಲ್ಲಿ ಉರುಳಿತು. ಅವರು ಸೆರೆ ಸಿಕ್ಕ ಸುದ್ದಿ ಬೇಗನೆ ಬಂತು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಮೊದಲೇ ಬಿಡಿಸುವ ಮಾತು ಬಂದಾಗ ಕಾರ್ಯಪ್ಪನವರು ಒಪ್ಪಲಿಲ್ಲ, ಸೆರೆಯಲ್ಲಿರುವ ಎಲ್ಲ ಯೋಧರೂ ತನ್ನ ಮಕ್ಕಳೇ ಎಂಬ ಅವರ ನಿಲುವು ಕೊಡಗಿನಲ್ಲಿ ಇಂದಿಗೂ ಮನೆಮಾತು. ಮಗ 1966ರ ಜನವರಿಯಲ್ಲಿ ಉಳಿದ ಯುದ್ಧಕೈದಿಗಳಂತೆಯೇ ಮರಳಿದರು. ತಂದೆಯ ಹಿರಿಮೆಯನ್ನು ಇದರಿಂದ ಕಡಿಮೆ ಮಾಡಬೇಕಿಲ್ಲ. ಆದರೆ ಒಂದೇ ನಾಡಿನ ಇಬ್ಬರಲ್ಲಿ ಗುರುತು ಸಿಕ್ಕವರ ಸುದ್ದಿ ತಕ್ಷಣ ಬಂತು, ಗುರುತು ಸಿಗದವರದ್ದು ಬರಲೇ ಇಲ್ಲ ಎಂಬುದನ್ನು ಗಮನಿಸದೆ ಇರುವಂತಿಲ್ಲ.

ದೇವಯ್ಯನವರ ಕೊನೆಯ ಕ್ಷಣಗಳನ್ನು ಕಂಡಿದ್ದ ಪೈಲಟ್ ಒಬ್ಬರೇ, ಅವರೊಡನೆ ಕಾದಾಡಿದ ಅಮ್ಜದ್ ಹುಸೇನ್. 1971ರ ಡಿಸೆಂಬರ್ 5ರಂದು ಅಮೃತಸರದ ರಾಡಾರ್ ಮೇಲೆ ಎರಗಲು ಬಂದ ಅವರ ಸ್ಟಾರ್‌ಫೈಟರ್ ನಮ್ಮ ನೆಲದ ಫಿರಂಗಿಗಳಿಗೆ ಸಿಕ್ಕಿ ಬಿತ್ತು, ಅವರು ಭಾರತದ ಯುದ್ಧಕೈದಿಯಾದರು. ಆ ಸಾಕ್ಷಿ ನಮ್ಮ ವಶದಲ್ಲಿದ್ದ ದಿನಗಳಲ್ಲೂ ದೇವಯ್ಯನವರ ಕಡತ ಇದ್ದಲ್ಲಿಯೇ ಇತ್ತು. ಅದು ಅಲುಗಾಡಿದ್ದು 1979ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪುಸ್ತಕದ ನಂತರ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಬರಹಗಾರ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ, ಅದರ ದಾಖಲೆಗಳನ್ನು ನೋಡಿ, 1965ರ ವೈಮಾನಿಕ ಯುದ್ಧದ ಬಗ್ಗೆ ಬರೆದ ಪುಸ್ತಕ ಅದು. ಸರ್ಗೋಧಾದ ಆ ಮುಂಜಾನೆ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಒಂದು ಸ್ಟಾರ್‌ಫೈಟರ್ ಹೋಯಿತು ಎಂಬ ವಿವರ ಅದರಲ್ಲಿತ್ತು. ಮಿಸ್ಟೇರ್ ಪೈಲಟ್‌ನ ಹೆಸರು ಇರಲಿಲ್ಲ. ಅದನ್ನು ಓದಿದ ನಮ್ಮ ವಾಯುಪಡೆಯವರು ಆ ಹೊತ್ತಿಗೆ ನಿವೃತ್ತರಾಗಿದ್ದ ತನೇಜಾ ಅವರನ್ನು ವಿಚಾರಿಸಿದರು. ಮುಂಜಾನೆಯ ಆ ತಂಡದಲ್ಲಿ ಹಿಂದಿರುಗದೆ ಉಳಿದವರು ದೇವಯ್ಯನವರೊಬ್ಬರೇ. ಹೊತ್ತು, ಜಾಗ, ವಿಮಾನದ ಜಾತಿ ಮೂರೂ ಹೊಂದಿದವು. 1988ರಲ್ಲಿ, ಸತ್ತು 23 ವರ್ಷಗಳಾದ ಮೇಲೆ, ದೇವಯ್ಯನವರಿಗೆ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ಪರದೇಶದವನೊಬ್ಬ, ಎದುರಾಳಿಯ ಕಡತ ನೋಡಿ, ಎದುರಾಳಿಯ ಸಾಹಸ ಹೇಳಲು ಬರೆದ ಪುಸ್ತಕ ಬರದೇ ಹೋಗಿದ್ದರೆ ‘ನಾಪತ್ತೆ’ ಎಂಬ ಪದವೇ ಅವರ ಕೊನೆಯ ದಾಖಲೆಯಾಗಿ ಉಳಿಯುತ್ತಿತ್ತು. ಇದನ್ನು ಅದೃಷ್ಟ ಎನ್ನಬೇಕೇ ಹೊರತು ವ್ಯವಸ್ಥೆ ಎನ್ನಲಾಗದು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳು ಹಗುರವಾದವಲ್ಲ. ಶತ್ರುವಿನ ಕಡೆಯ ಪುಸ್ತಕವನ್ನು ನಂಬಿ ದೇಶದ ಎರಡನೇ ಅತ್ಯುನ್ನತ ಶೌರ್ಯ ಪದಕ ಕೊಡಬಹುದೇ ಎಂಬುದು ಒಂದು. ಪಾಕಿಸ್ತಾನದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಕಥೆ ಬೇರೆಯೇ ಇತ್ತು: ಅಮ್ಜದ್ ಹೊಡೆದ ಮಿಸ್ಟೇರ್ ಸಿಡಿದು ಅದರ ಚೂರುಗಳು ತಗುಲಿ ಸ್ಟಾರ್‌ಫೈಟರ್ ಬಿತ್ತು ಎಂದು. ಎರಡರಲ್ಲಿ ಯಾವುದು ನಿಜ? ಇಲ್ಲಿ ಇತಿಹಾಸಕಾರರು ಹಿಡಿಯುವ ಒರೆಗಲ್ಲು ಸ್ಪಷ್ಟವಾಗಿದೆ. ತನ್ನ ಕಡೆಗೆ ನಷ್ಟ ತರುವ ಸಂಗತಿಯನ್ನು ಒಬ್ಬ ಒಪ್ಪಿಕೊಂಡರೆ ಅದಕ್ಕೆ ತೂಕ ಹೆಚ್ಚು. ಚೂರುಗಳ ಕಥೆ ಪಾಕಿಸ್ತಾನಕ್ಕೆ ಅನುಕೂಲವಾದದ್ದು, ಕಾದಾಟದ ಕಥೆ ಅನನುಕೂಲವಾದದ್ದು. ಆ ವಾಯುಪಡೆಯ ಬಗ್ಗೆ ಒಲವಿದ್ದ ಫ್ರಿಕರ್ ಅವರ ಪುಸ್ತಕದಲ್ಲಿಯೇ ಎರಡನೆಯದು ಬಂದಿದೆ. ಪಿ.ವಿ.ಎಸ್. ಜಗನ್‌ಮೋಹನ್ ಮತ್ತು ಸಮೀರ್ ಚೋಪ್ರಾ 2005ರಲ್ಲಿ ಎರಡೂ ಕಡೆಯ ಸಂಗತಿಗಳನ್ನು ಸೇರಿಸಿ ಬರೆದ ಪುಸ್ತಕವೂ ಇದನ್ನೇ ಎತ್ತಿಹಿಡಿಯಿತು. ಇದೇ ಒರೆಗಲ್ಲನ್ನು ನಮ್ಮ ಕಡೆಯ ಹೇಳಿಕೆಗಳಿಗೂ ಹಚ್ಚಬೇಕು. ಸರ್ಗೋಧಾದ ನೆಲದ ಮೇಲೆ ಎಷ್ಟು ವಿಮಾನಗಳು ಸುಟ್ಟವು ಎಂಬ ಭಾರತದ ಲೆಕ್ಕವಾಗಲಿ, ಅದೇ ದಿನ ಎಂ.ಎಂ. ಆಲಂ ಒಂದೇ ಹಾರಾಟದಲ್ಲಿ ಐದು ಹಂಟರ್‌ಗಳನ್ನು ಉರುಳಿಸಿದರೆಂಬ ಪಾಕಿಸ್ತಾನದ ಲೆಕ್ಕವಾಗಲಿ, ಹೇಳಿದವರಿಗೆ ಲಾಭ ತರುವಂಥವು. ಅವು ಇಂದಿಗೂ ವಿವಾದದಲ್ಲಿವೆ, ವಿವಾದದಲ್ಲಿ ಇರುವುದೇ ಸರಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಯುದ್ಧದಲ್ಲಿ ಸಾವಿರಾರು ಜನ ಸಾಯುತ್ತಾರೆ, ಗಡಿಯಾಚೆ ಬಿದ್ದ ಪ್ರತಿ ವಿಮಾನವನ್ನು ಹುಡುಕಲು ಯಾವ ಬಡ ದೇಶಕ್ಕೆ ಸಾಧ್ಯ, ಬದುಕಿರುವವರಿಗೇ ಹಣವಿಲ್ಲದಾಗ ಸತ್ತವರ ಕಾಗದಕ್ಕೆ ಯಾಕೆ ಇಷ್ಟು ಒದ್ದಾಟ ಎನ್ನುವವರಿದ್ದಾರೆ. ಆದರೆ ದೇವಯ್ಯನವರ ವಿಷಯದಲ್ಲಿ ಬೇಕಾಗಿದ್ದದ್ದು ಹಣವಲ್ಲ. ಬೇಕಾಗಿದ್ದದ್ದು ಒಂದು ಪ್ರಶ್ನೆ, ಅದನ್ನು ಕೇಳುವುದು ತನ್ನ ಕೆಲಸ ಎಂದುಕೊಂಡ ಒಂದು ಮೇಜು. ನಾಪತ್ತೆ ಎಂಬುದು ಮನುಷ್ಯನಿಗೆ ಆದ ಗತಿಯ ಹೆಸರಲ್ಲ, ನಮಗೆ ತಿಳಿಯಲಿಲ್ಲ ಎಂಬುದರ ಗುರುತು. ಆ ಗುರುತನ್ನು ಹಾಕಿ ಕಡತ ಮುಚ್ಚಿದಾಗ ಅದರ ಭಾರ ಪೂರ್ತಿಯಾಗಿ ಮನೆಯವರ ಮೇಲೆ ಬೀಳುತ್ತದೆ. 1971ರ ಯುದ್ಧದ ನಂತರ ಆದದ್ದು ಅದೇ. ಆ ಯುದ್ಧದಲ್ಲಿ ಕಾಣೆಯಾದ ಮೇಜರ್ ಎ.ಕೆ. ಘೋಷ್ ಅವರದ್ದೆಂದು ಮನೆಯವರು ಗುರುತಿಸಿದ ಮುಖ, ಕಂಬಿಗಳ ಹಿಂದಿನಿಂದ ನೋಡುತ್ತಿರುವ ಕೈದಿಯ ಮುಖ, ಅಮೆರಿಕದ ‘ಟೈಮ್’ ಪತ್ರಿಕೆಯ 1971ರ ಡಿಸೆಂಬರ್ 27ರ ಸಂಚಿಕೆಯಲ್ಲಿ ಅಚ್ಚಾಗಿತ್ತು. 1979ರಲ್ಲಿ ಲೋಕಸಭೆಯ ಮುಂದೆ ಸರ್ಕಾರ ಇಟ್ಟ ನಾಪತ್ತೆಯಾದವರ ಪಟ್ಟಿಯಲ್ಲಿ ಹಲವು ವೈಮಾನಿಕರ ಹೆಸರುಗಳಿದ್ದವು. ಮುಂದೆ ಆ ಪಟ್ಟಿ 54 ಎಂಬ ಸಂಖ್ಯೆಯಿಂದಲೇ ಹೆಸರಾಯಿತು. ಅವರಲ್ಲಿ ಯಾರೂ ತನ್ನ ಬಳಿ ಇಲ್ಲ ಎಂಬುದು ಪಾಕಿಸ್ತಾನದ ಮಾತು. 1983ರಲ್ಲಿ, ಮತ್ತೆ 2007ರಲ್ಲಿ, ಮನೆಯವರೇ ಪಾಕಿಸ್ತಾನದ ಜೈಲುಗಳಿಗೆ ಹೋಗಿ ಹುಡುಕಿ ಬರಿಗೈಯಲ್ಲಿ ಮರಳಿದರು. ಒಂದು ಫೋಟೋ ಹಿಡಿದು ತಮ್ಮವರನ್ನು ಹುಡುಕುವ ಕೆಲಸವನ್ನು ಹೆಂಡತಿ, ತಂದೆ, ತಮ್ಮಂದಿರಿಗೆ ಬಿಟ್ಟ ದೇಶ ಉಳಿತಾಯ ಮಾಡಿದ್ದಾದರೂ ಏನನ್ನು?

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈನಲ್ಲಿಯೇ ಉದಾಹರಣೆ ಇದೆ. 2016ರ ಜುಲೈ 22ರ ಬೆಳಿಗ್ಗೆ ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಹಡಗುಗಳೂ ವಿಮಾನಗಳೂ ವಾರಗಟ್ಟಲೆ ಜಾಲಾಡಿದವು, ಏನೂ ಸಿಗಲಿಲ್ಲ. ಅದು ಯುದ್ಧದ ಸಾವಲ್ಲ, ಹೋಲಿಕೆ ಅಷ್ಟರ ಮಟ್ಟಿಗೆ ಸೀಮಿತ. ಆದರೂ ಆ ಕಡತ ಪೂರ್ತಿ ಮುಚ್ಚಲಿಲ್ಲ. ಪಳ್ಳಿಕ್ಕರಣೆಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಮನುಷ್ಯರಿಲ್ಲದೆ ಆಳಕ್ಕೆ ಇಳಿಯುವ ಯಂತ್ರವನ್ನು ವಿಮಾನ ಕೊನೆಯದಾಗಿ ಕಂಡ ಜಾಗಕ್ಕೆ ಕಳಿಸಿತು. ಚೆನ್ನೈ ಕರಾವಳಿಯಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದ ಸಮುದ್ರತಳದಲ್ಲಿ ಅದು ತೆಗೆದ ಚಿತ್ರಗಳಲ್ಲಿ ಎಎನ್-32ರ ಚೂರುಗಳು ಕಂಡವು. 2024ರ ಜನವರಿಯಲ್ಲಿ ಸರ್ಕಾರ ಅದನ್ನು ಪ್ರಕಟಿಸಿತು. ರೆಡ್‌ಹಿಲ್ಸ್‌ನ ಕ್ಯಾಟಲೀನಾಗಳು ಮುಳುಗಿದ್ದು ಇದೇ ಕೊಲ್ಲಿಯಲ್ಲಿ. ಅಂದು ಅಸಾಧ್ಯವಾಗಿದ್ದ ಹುಡುಕಾಟ ಇಂದು ಇದೇ ನಗರದ ಒಂದು ಸಂಸ್ಥೆಯ ಕೈಯಲ್ಲಿದೆ.

ದೇವಯ್ಯನವರ ಹೆಸರು ಈಗ ಮಡಿಕೇರಿಯ ಒಂದು ವೃತ್ತಕ್ಕಿದೆ. 2025ರ ಜನವರಿಯಲ್ಲಿ ಬಂದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ, ಹೆಸರು ಬದಲಿಸಿ, ಅವರ ಕಥೆಯನ್ನೇ ಆಧರಿಸಿದೆ. ಇವೆಲ್ಲ ಆಗಬೇಕಾದದ್ದೇ. ಆದರೆ ಸಿನಿಮಾ ಬಂದರೂ ಮೂಲ ಕಾಗದಗಳು ಹೊರಬಂದಿಲ್ಲ. 1965ರ ಯುದ್ಧದ ಅಧಿಕೃತ ಇತಿಹಾಸವನ್ನು ರಕ್ಷಣಾ ಸಚಿವಾಲಯ 1992ರಲ್ಲಿ ಬರೆಯಿಸಿ ಪ್ರಕಟಿಸದೆ ಇಟ್ಟುಕೊಂಡಿತು. ಅದು ಜನರ ಕಣ್ಣಿಗೆ ಬಿದ್ದದ್ದು 2000ದಲ್ಲಿ ಒಂದು ಪತ್ರಿಕೆ ಅದನ್ನು ಹೊರಹಾಕಿದಾಗ. 2021ರ ಜೂನ್‌ನಲ್ಲಿ ಸಚಿವಾಲಯ ಹೊಸ ನೀತಿ ತಂದಿತು. ಅದರ ಪ್ರಕಾರ ಸೇನಾ ದಾಖಲೆಗಳು ಸಾಮಾನ್ಯವಾಗಿ 25 ವರ್ಷದೊಳಗೆ ಬಹಿರಂಗವಾಗಬೇಕು, ಯುದ್ಧ ಮುಗಿದ ಐದು ವರ್ಷದೊಳಗೆ ಅದರ ಇತಿಹಾಸ ಸಿದ್ಧವಾಗಬೇಕು. ಹಳೆಯ ಯುದ್ಧಗಳ ಕಡತಗಳನ್ನು ಮಾತ್ರ ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸುವುದಾಗಿ ಅದೇ ಹೊತ್ತಿಗೆ ಹೇಳಲಾಯಿತು. 1965ರ ಕಾಗದಗಳು ಆ 25 ವರ್ಷದ ಗಡಿಯನ್ನು 1990ರಲ್ಲೇ ದಾಟಿವೆ. ಅಂದು ಇಪ್ಪತ್ತರ ಹರೆಯದಲ್ಲಿ ಹಾರಿದವರಿಗೆ ಈಗ ಎಂಬತ್ತು ದಾಟಿದೆ. ಸ್ಕ್ವಾಡ್ರನ್ನಿನ ದಿನಚರಿ ಪುಟಗಳನ್ನು ಅವರ ಮುಂದಿಟ್ಟು, ಹಳೆಯ ಗ್ರೂಪ್ ಫೋಟೋಗಳಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಯಾರ ಕೊನೆ ಹೇಗಾಯಿತು ಎಂದು ಕೇಳಿ ಬರೆದುಕೊಳ್ಳಲು ಇರುವ ಕಾಲ ಇದೇ.